ಬಾಳಿನ ದಾರಿಯಲ್ಲಿ ಎದುರಾಗುವ ಗುರುಗಳು

'ಅನುಭವ' ಎಂಬ ಶಬ್ದವನ್ನು ನಾವು ದಿನಕ್ಕೆ ಹತ್ತಾರು ಬಾರಿ ಬಳಸುತ್ತೇವೆ. 'ಭೂ' ಧಾತುವಿಗೆ 'ಅನು' ಎಂಬ ಉಪಸರ್ಗ ಸೇರಿ ಸಿದ್ಧಿಸಿದ ಪದವಿದು. ಒಂದನ್ನು ಅನುಸರಿಸಿ ಆಗುವುದು, ಅಂದರೆ ಕಂಡದ್ದರ ಜಾಡು ಹಿಡಿದು ಹೋಗಿ ನಾವೂ ಕಿಂಚಿತ್ತು ಬೇರೆಯಾಗುವುದು, ಎಂದು ಅದನ್ನು ಬಿಡಿಸಿ ಹೇಳಬಹುದು. ಕಣ್ಣಿಗೆ ಬಿದ್ದದ್ದೆಲ್ಲ ಅನುಭವವಲ್ಲ. ಕಿವಿಗೆ ಬಿದ್ದದ್ದೆಲ್ಲ ವಿದ್ಯೆಯಲ್ಲ. ಕಂಡದ್ದು, ಕೇಳಿದ್ದು ನಮ್ಮ ನಡೆಯನ್ನು ಎಳ್ಳಷ್ಟಾದರೂ ತಿದ್ದಿದಾಗ ಮಾತ್ರ ಅದು ಅನುಭವ. ನಮ್ಮ ಶರಣರು ಈ ಶಬ್ದಕ್ಕೆ ಇನ್ನೊಂದು ದೀರ್ಘವನ್ನಿತ್ತು 'ಅನುಭಾವ' ಎಂದರು. ಲೋಕದ ಅನುಭವವೇ ಒಳಗಿಳಿದು ಬೆಳಕಾಗುವ ಸ್ಥಿತಿಯದು. ಮೊದಲನೆಯದನ್ನು ತಿರಸ್ಕರಿಸಿ ಎರಡನೆಯದನ್ನು ಪಡೆಯುತ್ತೇನೆಂಬುದು ಮೆಟ್ಟಿಲಿಲ್ಲದೆ ಅಟ್ಟ ಹತ್ತುವ ಮಾತು.

ಈ ತತ್ತ್ವಕ್ಕೆ ನಿದರ್ಶನ ಬೇಕೆಂದರೆ ಶೂನ್ಯಸಂಪಾದನೆಯನ್ನು ತೆರೆಯಬೇಕು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಮೊದಲು ಸಂಕಲಿಸಿದ ಆ ಗ್ರಂಥದ ಕಟ್ಟಡವನ್ನು ಗಮನಿಸಿದವರಿಗೆ ಒಂದು ವಿಶೇಷ ಹೊಳೆಯದಿರದು. ಅದರ ಬಹುಭಾಗವೆಲ್ಲ ಭೇಟಿಗಳ ಮಾಲೆ. ತೋಟ ಅಗೆಯುತ್ತಿದ್ದ ಗೊಗ್ಗಯ್ಯನನ್ನು ಅಲ್ಲಮಪ್ರಭುಗಳು ಕಾಣುತ್ತಾರೆ. ಅಣ್ಣನನ್ನು ಕಳೆದುಕೊಂಡು ಶೋಕಿಸುತ್ತಿದ್ದ ಮುಕ್ತಾಯಕ್ಕನನ್ನು ಕಾಣುತ್ತಾರೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮಯ್ಯನನ್ನು ಕಾಣುತ್ತಾರೆ. ಯಾರೂ ಪೀಠದ ಮೇಲೆ ಕುಳಿತು ಕಾಯುತ್ತಿದ್ದವರಲ್ಲ. ಒಬ್ಬರ ಕೈಯಲ್ಲಿ ಗುದ್ದಲಿ, ಇನ್ನೊಬ್ಬರ ಕಣ್ಣಿನಲ್ಲಿ ನೀರು, ಮತ್ತೊಬ್ಬರ ಸುತ್ತ ಮಣ್ಣು ಹೊರುವ ಒಡ್ಡರ ಗುಂಪು. ಇಂಥ ನಿತ್ಯವ್ಯವಹಾರದ ನಡುವೆಯೇ ಪರಮಾರ್ಥದ ಮಾತು ಹುಟ್ಟಿತು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗವಂತೂ ವಾಚಕರೆಲ್ಲರಿಗೂ ಪರಿಚಿತವಾದುದು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಮಿಕ್ಕದ್ದನ್ನು ತಂದ ಠಾವಿನಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ತಿಳಿಯಹೇಳಿದಳು. ಇಲ್ಲಿ ಗುರುವಾದವಳು ಮನೆಯ ಒಲೆಯ ಮುಂದಿನ ಹೆಂಗಸು. ಶಿಷ್ಯನಾದವನು ಅವಳ ಗಂಡ. ಪಾಠವಾದದ್ದು ಒಂದು ಸೆರಗಿನಷ್ಟು ಅಕ್ಕಿ. ಆ ಅಕ್ಕಿಯನ್ನು ಮರಳಿ ಹೊತ್ತೊಯ್ದ ಮಾರಯ್ಯನ ವಿನಯವೂ ಲಕ್ಕಮ್ಮನ ವಿವೇಕದಷ್ಟೇ ದೊಡ್ಡದೆಂಬುದನ್ನು ನಾವು ಅಷ್ಟಾಗಿ ಸ್ಮರಿಸುವುದಿಲ್ಲ. ಹೇಳುವವರು ಅನೇಕರಿದ್ದಾರೆ. ಹೇಳಿಸಿಕೊಳ್ಳುವುದು ಕಷ್ಟ.

ಈ ಕಷ್ಟ ನನಗೆ ಅರಿವಾದದ್ದು ಗ್ರಂಥದಿಂದಲ್ಲ, ಉಜಿರೆಯ ಒಂದು ಅಡಿಕೆ ತೋಟದಲ್ಲಿ. ಆ ಸಂಗತಿಯನ್ನು ಇಲ್ಲಿ ನಿವೇದಿಸುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ.

ಉಜಿರೆಯು ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನ ಊರು. ಚಾರ್ಮಾಡಿ ಘಟ್ಟವನ್ನಿಳಿದು ಬರುವ ದಾರಿಯೂ ಧರ್ಮಸ್ಥಳಕ್ಕೆ ಹೋಗುವ ದಾರಿಯೂ ಇಲ್ಲಿ ಕೂಡುತ್ತವೆ. ವಿದ್ಯೆ ಮತ್ತು ದುಡಿಮೆ ಒಂದನ್ನೊಂದು ಬಿಟ್ಟಿರಬಾರದೆಂಬ ವಿಚಾರ ಈ ಊರಿನಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತ ಬಂದಿದೆ. ಧರ್ಮಸ್ಥಳದ ಧರ್ಮಾಧಿಕಾರಿಗಳಾಗಿದ್ದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಇಲ್ಲಿ ಸಿದ್ಧವನ ಗುರುಕುಲವನ್ನು ಸ್ಥಾಪಿಸಿದರು. ಓದಿನೊಡನೆ ಸರಳ ಬದುಕು, ಶಿಸ್ತು, ತೋಟದ ಕೆಲಸ ಇವುಗಳನ್ನು ಬೆಸೆದ ವಿದ್ಯಾರ್ಥಿ ನಿಲಯವದು. 1966ರಲ್ಲಿ ರತ್ನವರ್ಮ ಹೆಗ್ಗಡೆಯವರ ಕಾಲದಲ್ಲಿ ಕಾಲೇಜು ಬಂದಿತು. 1982ರಲ್ಲಿ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಧರ್ಮಸ್ಥಳದ ಸಂಸ್ಥೆಯೂ ಕೆನರಾ ಬ್ಯಾಂಕು ಮತ್ತು ಅಂದಿನ ಸಿಂಡಿಕೇಟ್ ಬ್ಯಾಂಕೂ ಕೂಡಿ, ನಿರುದ್ಯೋಗಿ ತರುಣರಿಗೆ ಸ್ವಉದ್ಯೋಗದ ತರಬೇತಿ ನೀಡುವ ರುಡ್‌ಸೆಟ್ ಸಂಸ್ಥೆಯನ್ನು ಇಲ್ಲಿಯೇ ಆರಂಭಿಸಿದವು. ಮುಂದೆ ದೇಶದ ನಾನಾ ಭಾಗಗಳಲ್ಲಿ ಅದೇ ಮಾದರಿಯ ಸಂಸ್ಥೆಗಳು ಹುಟ್ಟಿಕೊಂಡವು. ಕಾಯಕವೆಂಬ ನಮ್ಮ ಮಾತಿಗೂ ಈ ಕಾರ್ಯಗಳಿಗೂ ಹೆಸರು ಬೇರೆಯಾದರೂ ಹುರುಳು ದೂರವಲ್ಲ.

ಕೆಲವು ವರ್ಷಗಳ ಹಿಂದೆ, ಮುಂಗಾರಿಗೆ ತುಸು ಮುನ್ನ, ಕಾಯಕ ತತ್ತ್ವವನ್ನು ಕುರಿತು ಉಪನ್ಯಾಸ ಮಾಡಲೆಂದು ಅಲ್ಲಿಗೆ ಹೋಗಿದ್ದೆ. ಉಳಿದುಕೊಂಡದ್ದು ಸ್ನೇಹಿತರ ಬಂಧುಗಳಾದ ಒಬ್ಬ ಕೃಷಿಕರ ಮನೆಯಲ್ಲಿ. ಬೆಳಿಗ್ಗೆ ಅಂಗಳದ ಕೆಳಗೆ ಅವರು ಅಡಿಕೆಗೆ ಬಿಡುವ ಮದ್ದನ್ನು ಕಲಸುತ್ತಿದ್ದರು. ಮಳೆಗಾಲದಲ್ಲಿ ಅಡಿಕೆಗೆ ತಗಲುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ಮದ್ದು. ಒಂದು ಕಿಲೋ ಮೈಲುತುತ್ತನ್ನು 50 ಲೀಟರು ನೀರಿನಲ್ಲಿಯೂ, ಒಂದು ಕಿಲೋ ಸುಣ್ಣವನ್ನು ಮತ್ತೊಂದು 50 ಲೀಟರಿನಲ್ಲಿಯೂ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಮೆಲ್ಲನೆ ಸುರಿಯುತ್ತ ಕದಡಬೇಕು. ಸುಣ್ಣವನ್ನು ತುತ್ತಿಗೆ ಸುರಿಯಲಾಗದು. ಕಲಸಿ ಮುಗಿದೊಡನೆ ಅವರು ಮಸೆದು ಹೊಳೆಯುತ್ತಿದ್ದ ಕತ್ತಿಯೊಂದನ್ನು ಅದರಲ್ಲಿ ಅದ್ದಿ, ತುಸು ಹೊತ್ತು ಬಿಟ್ಟು ಮೇಲೆತ್ತಿದರು. ಅಲಗಿನ ಮೇಲೆ ಕೆಂಪು ಬಣ್ಣ ಕೂತಿತ್ತು.

"ನೋಡಿ ಮಾಸ್ಟ್ರೇ, ಕತ್ತಿಗೆ ಕೆಂಪು ಹತ್ತಿತು. ಸುಣ್ಣ ಸಾಲದು. ಹೀಗೇ ಬಿಟ್ಟರೆ ರೋಗಕ್ಕಿಂತ ಮೊದಲು ಮದ್ದೇ ಕಾಯನ್ನು ಸುಡ್ತದೆ" ಎಂದರು.

"ಇಷ್ಟು ವರ್ಷಗಳಿಂದ ಕಲಸುತ್ತಿದ್ದೀರಿ. ಅಳತೆ ನಿಮಗೆ ಗೊತ್ತೇ ಇದೆ. ಪ್ರತಿಸಲವೂ ಕತ್ತಿ ಅದ್ದಬೇಕೆ?" ಎಂದು ನಾನು ಕೇಳಿದೆ.

"ಅಳತೆ ನನಗೆ ಗೊತ್ತುಂಟು ಮಾಸ್ಟ್ರೇ, ಸುಣ್ಣಕ್ಕೆ ಗೊತ್ತಿಲ್ಲವಲ್ಲ! ಪ್ರತಿಸಲ ಬರುವ ಸುಣ್ಣ ಬೇರೆ" ಎಂದು ನಕ್ಕು, ಇನ್ನಷ್ಟು ಸುಣ್ಣದ ನೀರು ಬೆರೆಸಿ ಮತ್ತೆ ಕತ್ತಿ ಅದ್ದಿದರು. ಈ ಸಲ ಅಲಗು ಬೆಳ್ಳಗೆಯೇ ಉಳಿಯಿತು.

ತುತ್ತು ಹೆಚ್ಚಾಗಿ ಸುಣ್ಣ ಕಡಿಮೆಯಾದರೆ, ಸುಣ್ಣದೊಡನೆ ಕೂಡದೆ ಉಳಿದ ತಾಮ್ರ ಕಬ್ಬಿಣಕ್ಕೆ ಹತ್ತಿಕೊಳ್ಳುತ್ತದೆ. ಆ ಮಿಕ್ಕ ತಾಮ್ರವೇ ಎಳೆಯದನ್ನು ಸುಡುವುದು. ಕತ್ತಿಯ ಪರೀಕ್ಷೆಯ ಮರ್ಮ ಇಷ್ಟೆ. ಆದರೆ ಅವರ ಮಾತು ಉಪನ್ಯಾಸದ ಹೊತ್ತಿನಲ್ಲಿಯೂ ನನ್ನನ್ನು ಬಿಡಲಿಲ್ಲ. ಸೇವೆಗೆ ಸೇರಿದ ಹೊಸದರಲ್ಲಿ, ಬೇರೊಂದು ಊರಿನ ಶಾಲೆಯಲ್ಲಿ ನಾನು ಮಾಡಿದ ಒಂದು ತಪ್ಪು ಕಣ್ಣಮುಂದೆ ಬಂದು ನಿಂತಿತು. ಹಳ್ಳಿಯ ಬಡ ಮನೆಯ ಹುಡುಗನೊಬ್ಬ ಪಾಠವನ್ನು ಓದುವಾಗ 'ಹಾಲು' ಎನ್ನಲು 'ಆಲು' ಎಂದ. ಉಚ್ಚಾರಣೆಯ ಶುದ್ಧಿಯೇ ಭಾಷೆಯ ಪ್ರಾಣವೆಂದು ನನ್ನ ಗುರುಗಳು ನನಗೆ ಕಲಿಸಿದ್ದರು. ಹುಡುಗನನ್ನು ನಿಲ್ಲಿಸಿ, ತರಗತಿಯೆಲ್ಲ ನಗುತ್ತಿರಲು, ಹತ್ತು ಸಲ ಆ ಪದವನ್ನು ಹೇಳಿಸಿದೆ. ಹತ್ತನೆಯ ಸಲವೂ ಅವನು 'ಆಲು' ಎಂದೇ ಅಂದ. ಅಂದಿನಿಂದ ಅವನು ಓದಲು ಎದ್ದು ನಿಲ್ಲಲಿಲ್ಲ. ಮರುವರ್ಷ ಶಾಲೆಗೆ ಬರಲಿಲ್ಲ. ಅದಕ್ಕೆ ನನ್ನ ಮಾತೇ ಕಾರಣವೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ನನ್ನ ಗುರುಗಳಿತ್ತ ಅಳತೆ ತಪ್ಪಾಗಿರಲಿಲ್ಲ. ಎದುರಿಗಿದ್ದ ಸುಣ್ಣವನ್ನು ನೋಡದೆ ತುತ್ತು ಸುರಿದವನು ನಾನು. ಆ ಸಂಜೆ ಉಪನ್ಯಾಸದಲ್ಲಿ ಮೊದಲೇ ಸಿದ್ಧಪಡಿಸಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಈ ತಪ್ಪನ್ನೇ ಸಭೆಯ ಮುಂದಿಟ್ಟೆ.

ಆಮೇಲೆ ತಿಳಿದುಬಂದ ಇನ್ನೊಂದು ಸಂಗತಿ ಈ ವಿಚಾರಕ್ಕೆ ಪುಷ್ಟಿ ನೀಡಿತು. ಬೋರ್ಡೋ ದ್ರಾವಣವೂ ದಾರಿಯ ಬದಿಯ ಒಂದು ಭೇಟಿಯಿಂದಲೇ ಹುಟ್ಟಿದ್ದು. 1882ರಲ್ಲಿ ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿತೋಟಗಳು ರೋಗದಿಂದ ಎಲೆಯುದುರಿ ನಿಂತಿದ್ದಾಗ, ರಸ್ತೆಯ ಅಂಚಿನ ಸಾಲುಗಳು ಮಾತ್ರ ಹಸುರಾಗಿದ್ದುದನ್ನು ಮಿಲಾರ್ಡೆ ಎಂಬ ವಿದ್ವಾಂಸನು ಕಂಡನು. ದಾರಿಹೋಕರು ಹಣ್ಣು ಕೀಳದಿರಲೆಂದು ರೈತರು ಆ ಸಾಲುಗಳಿಗೆ ತುತ್ತು ಮತ್ತು ಸುಣ್ಣವನ್ನು ಎರಚಿದ್ದರೆಂದು ಕೇಳಿ ತಿಳಿದನು. ಪರೀಕ್ಷಿಸಿ ನೋಡಿ 1885ರಲ್ಲಿ ಲೋಕಕ್ಕೆ ತಿಳಿಸಿದನು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ ಇದೇ ದ್ರಾವಣವನ್ನು ನಮ್ಮ ತೋಟಗಳಿಗೆ ತಂದರು. ಆ ದಾರಿಯಲ್ಲಿ ಅಂದು ಎಷ್ಟೋ ಜನ ನಡೆದಿರಬೇಕು. ನಿಂತು ಕೇಳಿದವನಿಗೆ ವಿದ್ಯೆ ದೊರೆಯಿತು.

ಕೇಳಿ ತಿಳಿದುದು ನೆರೆಯವನ ಕಷ್ಟಕ್ಕೆ ಒದಗಿದಾಗ ಅದು ದಾಸೋಹವಾಗುತ್ತದೆ. 2019ರ ಆಗಸ್ಟ್ ತಿಂಗಳಿನ ಮಹಾಮಳೆಯಲ್ಲಿ ಚಾರ್ಮಾಡಿ ಘಟ್ಟ ಅಲ್ಲಲ್ಲಿ ಕುಸಿಯಿತು. ಮೃತ್ಯುಂಜಯ ನದಿ ಉಕ್ಕಿ ಚಾರ್ಮಾಡಿಯ ಕೊಳಂಬೆ ಪ್ರದೇಶದ ಮನೆಗಳನ್ನೂ ತೋಟಗಳನ್ನೂ ಮರಳಿನಲ್ಲಿ ಮುಚ್ಚಿತು. ಆಗ ಉಜಿರೆಯ 'ಬದುಕು ಕಟ್ಟೋಣ ಬನ್ನಿ' ಎಂಬ ತಂಡದವರು ಜನರನ್ನು ಕೂಡಿಸಿ ಅಲ್ಲಿ ಮರಳು ತೆಗೆದರು, ಮನೆಗಳನ್ನು ಮತ್ತೆ ಎಬ್ಬಿಸಲು ನೆರವಾದರು. ಆ ಹೆಸರಿನಲ್ಲಿಯೇ ಒಂದು ಶಾಸ್ತ್ರವಿದೆ. ಬದುಕು ತಾನೇ ಆಗುವುದಲ್ಲ, ಕಟ್ಟುವುದು. ಒಬ್ಬನೇ ಕಟ್ಟುವುದಲ್ಲ, ಕೂಡಿ ಕಟ್ಟುವುದು. ಆದುದರಿಂದಲೇ 'ಬನ್ನಿ' ಎಂಬ ಕರೆ.

ಇಷ್ಟನ್ನು ಹೇಳಿದ ಮೇಲೆ ನಮ್ಮ ಶಾಲೆಯ ಕಡೆಗೆ ನೋಡೋಣ. ನಮ್ಮ ಮಕ್ಕಳು ಶರಣರ ಕಾಯಕಗಳ ಪಟ್ಟಿಯನ್ನು ತಡವರಿಸದೆ ಒಪ್ಪಿಸಬಲ್ಲರು: ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ. ಆದರೆ ದಿನವೂ ದಾಸೋಹದಲ್ಲಿ ಮುದ್ದೆ ಇಕ್ಕುವವರ ಹೆಸರೇನು, ಅವರು ಎಷ್ಟು ಹೊತ್ತಿಗೆ ಎದ್ದು ಒಲೆ ಹಚ್ಚುತ್ತಾರೆ ಎಂದು ಕೇಳಿದರೆ ಎಷ್ಟು ಮಂದಿ ಉತ್ತರಿಸಿಯಾರು? ಮಕ್ಕಳ ಮಾತಿರಲಿ, ನಾವು ಅಧ್ಯಾಪಕರು ಎಷ್ಟು ಮಂದಿ ಉತ್ತರಿಸಿಯೇವು? ಹನ್ನೆರಡನೆಯ ಶತಮಾನದ ಕಾಯಕಕ್ಕೆ ಕೈಮುಗಿದು ಇಂದಿನ ಕಾಯಕಕ್ಕೆ ಬೆನ್ನು ತಿರುಗಿಸಿದರೆ ನಮ್ಮ ಓದು ಅಂಕಪಟ್ಟಿಯಲ್ಲಿ ಉಳಿದೀತೇ ಹೊರತು ಬಾಳಿಗೆ ಇಳಿಯಲಾರದು.

ಆದುದರಿಂದ ಮೂರು ಸಣ್ಣ ಅಭ್ಯಾಸಗಳನ್ನು ಸವಿನಯವಾಗಿ ಸೂಚಿಸುತ್ತೇನೆ. ಮೊದಲನೆಯದು, ಎದುರಾದವರ ಕೆಲಸವನ್ನು ಕುರಿತು ಒಂದು ಪ್ರಶ್ನೆ ಕೇಳುವುದು. ಕೇಳಿದ ಮೇಲೆ ನಮಗೆ ಗೊತ್ತಿರುವುದನ್ನು ನಡುವೆ ಹೇಳದಿರುವುದು; ಪಂಡಿತರಾದವರಿಗೆ ಇದು ಕಠಿಣ ವ್ರತ. ಎರಡನೆಯದು, ರಾತ್ರಿ ಮಲಗುವ ಮುನ್ನ ಆ ದಿನ ಯಾರಿಂದ ಏನು ಕಲಿತೆವೆಂದು ಎರಡು ಸಾಲು ಬರೆದಿಡುವುದು. ಬರೆಯಲು ಏನೂ ಇಲ್ಲವೆಂದಾದರೆ ಆ ದಿನ ಲೋಕದಲ್ಲಿ ಗುರುಗಳಿರಲಿಲ್ಲವೆಂದಲ್ಲ, ನಾವು ಶಿಷ್ಯರಾಗಿರಲಿಲ್ಲವೆಂದು ಅರ್ಥ. ಮೂರನೆಯದು, ಕಲಿತದ್ದರಲ್ಲಿ ಒಂದನ್ನಾದರೂ ಮರುದಿನ ನಡೆಯಲ್ಲಿ ತೋರುವುದು. ನಮ್ಮ ಶಾಲೆಯಲ್ಲಿ ಮೇಲಿನ ತರಗತಿಯ ಮಕ್ಕಳು ವರ್ಷಕ್ಕೊಮ್ಮೆ ಊರಿನ ಕುಂಬಾರರ, ಬಡಗಿಯವರ, ರೈತರ ಬಳಿ ಒಂದು ವಾರ ಇದ್ದು, ಕಂಡದ್ದನ್ನು ತಮ್ಮದೇ ಕನ್ನಡದಲ್ಲಿ ಬರೆದು ತರುವ ಏರ್ಪಾಡಾದರೆ ಎಷ್ಟೋ ಪಠ್ಯಪುಸ್ತಕಗಳಿಗೆ ಅದು ಸಮನಾದೀತು. ಇದಕ್ಕೆ ದಾನಿಗಳ ಧನಕ್ಕಿಂತ ಹಿರಿಯ ವಿದ್ಯಾರ್ಥಿಗಳ ಸಮಯ ಹೆಚ್ಚು ಬೇಕು. ತಮ್ಮ ಅಂಗಡಿಯ, ತೋಟದ, ಕಾರ್ಖಾನೆಯ ಬಾಗಿಲನ್ನು ಒಂದು ವಾರ ತೆರೆದಿಡುವ ಮನಸ್ಸು ಬೇಕು.

ಈಗ ತರಗತಿಯಲ್ಲಿ ಯಾವ ಮಗುವಾದರೂ 'ಆಲು' ಎಂದರೆ ನಾನು ಮೊದಲು ಅದರ ಓದು ಮುಗಿಯಗೊಡುತ್ತೇನೆ. ಚೆನ್ನಾಗಿ ಓದಿದೆಯೆಂದು ಬೆನ್ನು ತಟ್ಟಿ, ಆಮೇಲೆ ಪಕ್ಕಕ್ಕೆ ಕರೆದು, ಹಕಾರವನ್ನು ಹೇಗೆ ಉಸಿರಿನಿಂದ ಎತ್ತಬೇಕೆಂದು ತೋರಿಸುತ್ತೇನೆ. ಕೆಲವರಿಗೆ ಎರಡೇ ದಿನದಲ್ಲಿ ಬರುತ್ತದೆ, ಕೆಲವರಿಗೆ ವರ್ಷವೇ ಬೇಕು. ಪ್ರತಿಸಲ ಬರುವ ಸುಣ್ಣ ಬೇರೆ. ಉಜಿರೆಯ ಆ ಕೃಷಿಕ ಗುರುಗಳಿಗೂ, ನನ್ನಿಂದ ನೊಂದು ಹೋದ ಆ ಬಾಲಕ ಈಗ ಎಲ್ಲಿದ್ದರೂ ಅವನಿಗೂ, ಈ ಸ್ಮರಣ ಸಂಚಿಕೆಯ ಮೂಲಕ ನನ್ನ ಶರಣು ಶರಣಾರ್ಥಿಗಳು.