ಕಳವಳಕ್ಕೂ ಒಂದು ಫೋನ್ ಕರೆ

ರೋಗಿಯ ಹೃದಯ ನಿಂತ ಮೇಲೆ ಓಡಿಬರುವ ತಂಡ ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಇತ್ತು. ಬಹಳ ಸಲ ಅದು ತಲುಪುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಚಾರ್ಟ್ ತಿರುವಿದರೆ ಗಂಟೆಗಳ ಹಿಂದೆಯೇ ಏರಿದ ಉಸಿರು, ಕುಸಿದ ಬಿಪಿ ನರ್ಸಿನ ಕೈಬರಹದಲ್ಲೇ ಸಿಗುತ್ತಿತ್ತು. ಮತ್ತೆ ಹೃದಯ ನಿಲ್ಲುವ ತನಕ ಕಾಯುವುದೇಕೆ? ಕೇಳಿದವರು ತೀವ್ರನಿಗಾ ತಜ್ಞ ಕೆನ್ ಹಿಲ್‌ಮನ್. ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ 1990ರಲ್ಲಿ 'ಮೆಡಿಕಲ್ ಎಮರ್ಜೆನ್ಸಿ ಟೀಮ್' ಶುರುವಾಯಿತು.

ಅದನ್ನು ಕರೆಯಲು ಮುಂದೆ ಬಳಕೆಗೆ ಬಂದ ಪಟ್ಟಿ ಚಿಕ್ಕದು. ಉಸಿರು ನಿಮಿಷಕ್ಕೆ 5ಕ್ಕಿಂತ ಕಡಿಮೆ ಇಲ್ಲವೇ 36ಕ್ಕಿಂತ ಹೆಚ್ಚು, ನಾಡಿ 40ರ ಕೆಳಗೆ ಇಲ್ಲವೇ 140ರ ಮೇಲೆ, ಮೇಲಿನ ಬಿಪಿ 90ರ ಕೆಳಗೆ, ಹೀಗೆ. ಕೊನೆಯದಕ್ಕೆ ಮಾತ್ರ ಅಂಕಿಯಿಲ್ಲ: ಈ ರೋಗಿಯ ಬಗ್ಗೆ ನಿಮಗೆ ತೀರಾ ಕಳವಳವಾಗಿದ್ದರೆ ಕರೆಯಿರಿ.

ನಿಜವಾದ ಆವಿಷ್ಕಾರ ಈ ಕೊನೆಯ ಸಾಲೇ ಎಂದು ನನಗನ್ನಿಸುತ್ತದೆ. ಹಿಂದೆ ರಾತ್ರಿಪಾಳಿಯ ನರ್ಸ್ ಜೂನಿಯರ್ ಡಾಕ್ಟರಿಗೆ, ಅವರು ರಿಜಿಸ್ಟ್ರಾರ್‌ಗೆ, ಅವರು ಕನ್ಸಲ್ಟೆಂಟ್‌ಗೆ ಹೇಳಬೇಕು. 'ಬಿಪಿ ಸರಿಯಾಗಿದೆ, ಆದರೂ ಮುಖ ಯಾಕೋ ಸರಿಯಿಲ್ಲ' ಎಂದು ನಡುರಾತ್ರಿ ಎಬ್ಬಿಸಿದರೆ ಬೈಗುಳ ಗ್ಯಾರಂಟಿ. ಗಟ್ಟಿಗಿತ್ತಿಯಾದರೆ ಹೇಳಿಯಾಳು, ಸಂಕೋಚದವಳು ಇನ್ನರ್ಧ ಗಂಟೆ ನೋಡೋಣ ಎಂದು ಸುಮ್ಮನಾಗುತ್ತಾಳೆ. ರೋಗಿಯ ಪ್ರಾಣ ಆ ಪಾಳಿಯವಳ ಸ್ವಭಾವಕ್ಕೆ ಜೋತುಬಿದ್ದಿತ್ತು. ಅದೇ 1990ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಪೀಟರ್ ಸಾಲೊವೆ, ಜಾನ್ ಮೇಯರ್ 'ಭಾವನಾತ್ಮಕ ಬುದ್ಧಿವಂತಿಕೆ'ಯನ್ನು ಒಂದು ಸಾಮರ್ಥ್ಯವೆಂದು ವಿವರಿಸಿದರು. ಅಂಥ ಬುದ್ಧಿ ನರ್ಸುಗಳಿಗೆ ಮೊದಲೇ ಇತ್ತು, ಅದನ್ನು ಬಳಸಲು ಅನುಮತಿ ಇರಲಿಲ್ಲ.

ಮೆಲ್ಬರ್ನ್‌ನ ಆಸ್ಟಿನ್ ಆಸ್ಪತ್ರೆಯಲ್ಲಿ ರಿನಾಲ್ಡೊ ಬೆಲ್ಲೊಮೊ ಮತ್ತು ಸಂಗಡಿಗರು ಇಂಥ ತಂಡದ ಪರಿಣಾಮವನ್ನು ಅಳೆದರು. ತಂಡ ಬರುವ ಮುಂಚಿನ ನಾಲ್ಕು ತಿಂಗಳಲ್ಲಿ 63 ಹೃದಯಸ್ತಂಭನ, ಬಂದ ಮೇಲಿನ ನಾಲ್ಕು ತಿಂಗಳಲ್ಲಿ 22. ವರದಿ 2003ರಲ್ಲಿ ಪ್ರಕಟವಾಯಿತು. ಆದರೆ 23 ಆಸ್ಟ್ರೇಲಿಯನ್ ಆಸ್ಪತ್ರೆಗಳ 'ಮೆರಿಟ್' ಅಧ್ಯಯನ 2005ರಲ್ಲಿ ತಣ್ಣೀರೆರಚಿತು: ತಂಡವಿದ್ದ ಕಡೆಗೂ ಇಲ್ಲದ ಕಡೆಗೂ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಕರೆಯಬೇಕಾದ ಲಕ್ಷಣ ಕಂಡಿದ್ದರೂ ಎಷ್ಟೋ ಸಲ ಯಾರೂ ಕರೆದೇ ಇರಲಿಲ್ಲ. ನಿಯಮ ಬರೆದಷ್ಟಕ್ಕೇ ಅಂಜಿಕೆ ಹೋಗುತ್ತದೆಯೇ?

ಆದ್ದರಿಂದ 2010ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯ 'ಬಿಟ್ವೀನ್ ದ ಫ್ಲ್ಯಾಗ್ಸ್' ವ್ಯವಸ್ಥೆ ತಂದಾಗ ಚಾರ್ಟಿಗೇ ಬಣ್ಣ ಬಳಿಯಿತು. ಬೀಚಿನಲ್ಲಿ ಈಜಲು ಸುರಕ್ಷಿತ ಜಾಗವನ್ನು ಬಾವುಟ ನೆಟ್ಟು ತೋರಿಸುವ ಅಲ್ಲಿನ ರೂಢಿಯಿಂದ ಬಂದ ಹೆಸರದು. ಅಂಕಿ ಹಳದಿ ಪಟ್ಟಿಗೆ ಬಿದ್ದರೆ ಹಿರಿಯರಿಗೆ ತಿಳಿಸಬೇಕು, ಕೆಂಪಿಗೆ ಬಿದ್ದರೆ ತಂಡವನ್ನೇ ಕರೆಯಬೇಕು. ಕಳವಳಕ್ಕೂ ಅಲ್ಲಿ ಜಾಗ ಉಳಿಯಿತು.

ಆಮೇಲೆ ಬಂದ 'ರೀಚ್' ಯೋಜನೆ ಕಳವಳವಾದರೆ ಕರೆಯುವ ಈ ಹಕ್ಕನ್ನು ಮನೆಯವರಿಗೂ ಕೊಟ್ಟಿದೆ. ಸಿಡ್ನಿಯಲ್ಲಿರುವ ಮಗಳ ಮನೆಗೆ ಹೋದಾಗ ಯಾರಾದರೂ ಸರಕಾರಿ ಆಸ್ಪತ್ರೆ ಸೇರಬೇಕಾಗಿ ಬಂದರೆ, ರೀಚ್ ಫೋನ್ ನಂಬರ್ ಯಾವುದೆಂದು ಮೊದಲ ದಿನವೇ ಕೇಳಿಟ್ಟುಕೊಳ್ಳಿ.