ಸೂಜಿಗೆಲಸದ ಪುಸ್ತಕಗಳು

ಪುಸ್ತಕವನ್ನು ಜೋಪಾನವಾಗಿಡಬೇಕೆಂದು ನಮಗೆಲ್ಲ ಚಿಕ್ಕಂದಿನಲ್ಲಿಯೇ ಹೇಳಿಕೊಟ್ಟಿರುತ್ತಾರೆ. ಹಾಳೆಯ ಮೂಲೆ ಮಡಿಸಬಾರದು, ಅಂಚಿನಲ್ಲಿ ಬರೆಯಬಾರದು, ಎಣ್ಣೆಗೈಯಿಂದ ಮುಟ್ಟಬಾರದು. ಈ ನಿಯಮಗಳು ಒಂದು ಜಾತಿಯ ಪುಸ್ತಕಗಳಿಗೆ ಅಷ್ಟಾಗಿ ಹೊಂದುವುದಿಲ್ಲವೆಂದು ನನಗೆ ಮನವರಿಕೆಯಾದದ್ದು ಬಹಳ ತಡವಾಗಿ. ಹೊಲಿಗೆ, ಹೆಣಿಗೆ, ಕಸೂತಿಗಳನ್ನು ಕಲಿಸುವ ಪುಸ್ತಕಗಳೇ ಆ ಜಾತಿಯವು. ನನ್ನ ಕಪಾಟಿನಲ್ಲಿ ಅಂಥವು ಹತ್ತು ಹನ್ನೆರಡಿವೆ. ಏಳೆಂಟು ಕೊಂಡ ದಿನದಂತೆಯೇ ಹೊಳೆಯುತ್ತಿವೆ. ಮೂರರ ಬೆನ್ನು ಸಡಿಲವಾಗಿದೆ, ಹಾಳೆ ಮಾಸಿದೆ, ಅಂಚಿನ ತುಂಬ ಪೆನ್ಸಿಲಿನ ಗೀಚು. ನನಗೆ ಏನನ್ನಾದರೂ ಕಲಿಸಿದವು ಆ ಮೂರೇ.

ಯೂರೋಪಿನಲ್ಲಿ ಅಚ್ಚುಕೂಟಗಳು ಬಂದು ನೂರು ವರ್ಷ ತುಂಬುವ ಮೊದಲೇ ಇಂಥ ಪುಸ್ತಕಗಳೂ ಹುಟ್ಟಿದವು. 1520ರ ದಶಕದಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದ ಮುದ್ರಕ ಯೋಹಾನ್ ಶಾನ್‌ಸ್ಪರ್ಗರ್ ಕಸೂತಿಯ ಮಾದರಿಗಳ ಪುಸ್ತಕವೊಂದನ್ನು ಹೊರತಂದನು. ಬಳಿಕ ವೆನಿಸ್, ಪ್ಯಾರಿಸ್, ಲಂಡನ್ನುಗಳಿಂದ ಒಂದರ ಮೇಲೊಂದು ಬಂದವು. ಆದರೆ ಇಂದು ಉಳಿದಿರುವ ಪ್ರತಿಗಳು ಬಹಳ ಕಡಮೆ. ಕೊಂಡವರು ಅವನ್ನು ಓದಲಿಲ್ಲ, ಬಳಸಿದರು. ಹಾಳೆಯನ್ನು ಬಟ್ಟೆಯ ಮೇಲೆ ಹರಡಿ, ಚಿತ್ರದ ಗೆರೆಗುಂಟ ಸೂಜಿಯಿಂದ ತೂತು ಹಾಕಿ, ಮೇಲೆ ಇದ್ದಿಲ ಪುಡಿ ಉಜ್ಜಿದರೆ ಚಿತ್ರ ಬಟ್ಟೆಗೆ ಇಳಿಯುತ್ತದೆ. ರಂಗೋಲಿಯ ತೂತಿನ ತಟ್ಟೆಯನ್ನು ಬಳಸಿದವರಿಗೆ ಈ ಉಪಾಯ ಹೊಸದಲ್ಲ. ಹೀಗೆ ನಾಲ್ಕು ಸಲ ಮಾಡಿದರೆ ಯಾವ ಹಾಳೆ ತಾನೇ ಉಳಿದೀತು?

ಆ ಹಳೆಯ ಪುಸ್ತಕಗಳಲ್ಲಿ ಚಿತ್ರಗಳಿದ್ದವೇ ಹೊರತು, ಹೊಲಿಯುವ ಬಗೆಯನ್ನು ವಿವರಿಸುವ ಮಾತು ಇಲ್ಲವೆನ್ನುವಷ್ಟು ಕಡಮೆ. ಅದನ್ನು ತಾಯಿಯೋ ಅಕ್ಕನೋ ಕಲಿಸಿಯೇ ಇರುತ್ತಾರೆಂಬ ನಂಬಿಕೆ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಆ ನಂಬಿಕೆ ಸಡಿಲವಾಯಿತು. ಆಸ್ಟ್ರಿಯಾದಲ್ಲಿ ಹುಟ್ಟಿದ ತೆರೇಸ್ ದ ದಿಲ್ಮಾಂ ಎಂಬಾಕೆ 1886ರಲ್ಲಿ ಫ್ರೆಂಚಿನಲ್ಲಿ ಹೊರತಂದ ಸೂಜಿಗೆಲಸದ ವಿಶ್ವಕೋಶ ಇದಕ್ಕೆ ಸಾಕ್ಷಿ. ಮೈಯನ್ನೂ ಕೈಗಳನ್ನೂ ಹೇಗಿಟ್ಟು ಕೂಡಬೇಕು, ಸೂಜಿಗೆ ದಾರ ಹೇಗೆ ಪೋಣಿಸಬೇಕು ಎಂಬಲ್ಲಿಂದ ಅದು ಮೊದಲಾಗುತ್ತದೆ. ಓದುವವಳ ಪಕ್ಕದಲ್ಲಿ ಹೇಳಿಕೊಡುವವರು ಯಾರೂ ಇಲ್ಲವೆಂದು ಆಕೆ ತಿಳಿದೇ ಬರೆದಂತಿದೆ. ಆ ಗ್ರಂಥದ ಹಿಂದೆ ಡಿ.ಎಂ.ಸಿ. ಎಂಬ ದಾರದ ಕಂಪನಿ ಇತ್ತು. ಚಿತ್ರಗಳ ಕೆಳಗೆ ಆ ಕಂಪನಿಯದೇ ದಾರದ ಹೆಸರುಗಳಿವೆ. ವ್ಯಾಪಾರವಿದ್ದರೂ ವಿದ್ಯೆಗೆ ಕೊರತೆಯಾಗಲಿಲ್ಲ. ನಾವು ಮಾತ್ರ ದಾರದ ಹೆಸರನ್ನು ಬಿಟ್ಟು ಅದರ ದಪ್ಪವನ್ನಷ್ಟೇ ಗಮನಿಸಿದರೆ ಸಾಕು.

ಹೇಳಿಕೊಡುವವರು ಇಲ್ಲದಾಗ ಪುಸ್ತಕ ಬೇಕಾಗುತ್ತದೆ ಎಂಬುದನ್ನು ನಾನು ಸ್ವಂತ ಅನುಭವದಿಂದಲೇ ಬಲ್ಲೆ. ನಮ್ಮದು ಧಾರವಾಡದ ಕಡೆ. ನಮ್ಮ ಮನೆಯಲ್ಲಿ ಕಸೂತಿ ಬಲ್ಲವಳು ನನ್ನ ಸೋದರತ್ತೆ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳೂ ಅವಳ ಕೈಯಲ್ಲಿದ್ದವು. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ, ಎಳೆಗಳನ್ನು ಎಣಿಸುತ್ತಲೇ ಗೋಪುರ, ತೇರು, ತುಳಸೀಬೃಂದಾವನ, ಅಂಬಾರಿಯ ಆನೆಗಳನ್ನು ತೆಗೆಯುತ್ತಿದ್ದಳು. ಮುಂದಿನ ರಜೆಯಲ್ಲಿ ಕಲಿತರಾಯಿತೆಂದು ನಾನು ವರ್ಷಗಳನ್ನು ಕಳೆದೆ. ಅತ್ತೆ ತೀರಿಕೊಂಡಳು. ಅವಳ ಕಪ್ಪು ಚಂದ್ರಕಾಳಿ ಸೀರೆ ನನ್ನ ಪಾಲಿಗೆ ಬಂದಿತು.

ಬೇರೆ ಕಸೂತಿಯಾದರೆ ಬಟ್ಟೆಯನ್ನು ಮಗುಚಿ ಹಿಂಬದಿ ನೋಡಿದರೆ ಕೆಲಸದ ದಾರಿ ತಿಳಿಯುತ್ತದೆ. ಎಲ್ಲಿ ಗಂಟು ಹಾಕಿದ್ದಾರೆ, ಎಲ್ಲಿಂದ ಎಲ್ಲಿಗೆ ದಾರ ಹಾರಿದೆ ಎಂಬುದೆಲ್ಲ ಕಾಣುತ್ತದೆ. ಗವಂತಿಯಲ್ಲಿ ಹಾಗಿಲ್ಲ. ಎರಡೂ ಬದಿ ಒಂದೇ ತೆರ; ಗಂಟು ಇರಕೂಡದು. ಅತ್ತೆಯ ಕೆಲಸ ಅಷ್ಟು ಚೊಕ್ಕಟವಾಗಿದ್ದುದರಿಂದಲೇ ಅದರಿಂದ ನನಗೆ ಏನೂ ತಿಳಿಯಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು, ಹಳೆಯ ಪುಸ್ತಕಗಳ ಅಂಗಡಿಯಲ್ಲಿ ಕೊಂಡ ಒಂದು ಇಂಗ್ಲಿಷ್ ಕೈಪಿಡಿ. ಅದರಲ್ಲಿ ಹೋಲ್ಬೈನ್ ಹೊಲಿಗೆ ಎಂಬುದಿತ್ತು. ಹದಿನಾರನೆಯ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿ ಕೊರಳಪಟ್ಟಿ, ತೋಳಪಟ್ಟಿಗಳ ಮೇಲೆ ಈ ಹೊಲಿಗೆ ಕಾಣುವುದರಿಂದ ಆ ಹೆಸರು. ಒಂದು ಎಳೆ ಬಿಟ್ಟು ಒಂದರಂತೆ ಹೊಲಿಯುತ್ತ ಹೋಗುವುದು, ಅದೇ ದಾರಿಯಲ್ಲಿ ಮರಳಿ ಬರುತ್ತ ಬಿಟ್ಟ ಜಾಗಗಳನ್ನು ತುಂಬುವುದು. ಓದಿ ಮುಗಿಸಿದಾಗ ನಾಚಿಕೆಯೂ ನಗುವೂ ಒಟ್ಟಿಗೇ ಬಂದವು. ಇದು ನಮ್ಮ ಗವಂತಿಯೇ!

ಆದರೆ ಓದಿದ ಮಾತ್ರಕ್ಕೆ ಕೈಗೆ ಬರಲಿಲ್ಲ. ನನ್ನ ಮೊದಲ ಗೋಪುರ ಕುಗ್ಗಿ ಕಟ್ಟೆಯಂತಾಯಿತು. ಪುಸ್ತಕದ ನಕ್ಷೆಯ ಚೌಕಗಳು ಉದ್ದಗಲ ಸಮನಾಗಿರುತ್ತವೆ. ನಾನು ತೆಗೆದುಕೊಂಡ ಬಟ್ಟೆಯಲ್ಲಿ ಅಂಗುಲಕ್ಕೆ ಹಾಸಿನ ಎಳೆಗಳೆಷ್ಟೋ ಹೊಕ್ಕಿನ ಎಳೆಗಳು ಅಷ್ಟಿರಲಿಲ್ಲ. ಎರಡನೆಯ ಸಲ ನಡುವೆ ದಾರಿ ತಪ್ಪಿತು. ಕವಲೊಂದು ಉಳಿದುಹೋಗಿ, ಅಲ್ಲಿಗೆ ತಲುಪಲು ದಾರವನ್ನು ಹಿಂಬದಿಯಲ್ಲಿ ಹಾರಿಸಬೇಕಾಯಿತು. ಎರಡು ಬದಿಯ ಸಮತೆ ಕೆಟ್ಟಿತು. ಅಂದು ಪೆನ್ಸಿಲು ತೆಗೆದುಕೊಂಡು, ಅಳುಕುತ್ತಲೇ, ಪುಸ್ತಕದ ನಕ್ಷೆಯ ಮೇಲೆ ಬಾಣದ ಗುರುತುಗಳನ್ನೂ ಅಂಕಿಗಳನ್ನೂ ಬರೆದೆ. ಕವಲು ಬಂದಲ್ಲಿ ಮೊದಲು ಅದರ ತುದಿಮುಟ್ಟ ಹೋಗಿ, ಬುಡಕ್ಕೆ ಮರಳಿ, ಆಮೇಲೆ ಮುಂದೆ ಸಾಗಬೇಕು. ನಾಲ್ಕನೆಯ ಗೋಪುರ ಎರಡು ಬದಿಯೂ ಸರಿಯಾಗಿ ಬಂದಿತು.

ಆದ್ದರಿಂದ ಇಂಥ ಪುಸ್ತಕ ಕೊಳ್ಳುವವರಿಗೆ ನನ್ನ ಅನುಭವದ ಎರಡು ಮಾತು. ಮುಖಪುಟದ ಅಂದವನ್ನು ನೋಡಬೇಡಿ. ಮಧ್ಯದ ಒಂದು ಹಾಳೆ ತೆರೆದು, ಸೂಜಿ ಎಲ್ಲಿ ಮೇಲೆ ಬರುತ್ತದೆ, ಎಲ್ಲಿ ಕೆಳಗಿಳಿಯುತ್ತದೆ ಎಂಬುದು ಚಿತ್ರದಿಂದಲೇ ತಿಳಿಯುವುದೋ ನೋಡಿ. ಹಿಂಬದಿಯ ಮಾತನ್ನೇ ಎತ್ತದ ಪುಸ್ತಕವಾದರೆ ಇನ್ನೊಂದನ್ನು ಹುಡುಕಿ. ಮನೆಗೆ ತಂದ ಮೇಲೆ, ಮೊದಲು ಅಂಗೈಯಗಲದ ಬಟ್ಟೆಯ ಮೇಲೆ ಮಾಡಿ ನೋಡಿ. ಎರಡು ದಿಕ್ಕಿನ ಎಳೆಗಳನ್ನೂ ಎಣಿಸಿ, ಅದಕ್ಕೆ ತಕ್ಕಂತೆ ನಕ್ಷೆಯನ್ನು ಚೌಕುಳಿ ಕಾಗದದ ಮೇಲೆ ತಿದ್ದಿಕೊಳ್ಳಿ. ಬಟ್ಟೆ, ದಾರ, ಆದ ತಪ್ಪು, ಎಲ್ಲವನ್ನೂ ಆಯಾ ಹಾಳೆಯಲ್ಲಿಯೇ ಬರೆದಿಡಿ. ಹೊಲಿಯುವ ಕೈಯನ್ನೇ ತೋರಿಸುವ ಚಲಚ್ಚಿತ್ರಗಳು ಈಗ ಫೋನಿನಲ್ಲಿಯೇ ಸಿಗುತ್ತವೆ. ಅವು ಬಹಳ ಉಪಕಾರಿಗಳು. ಆದರೆ ಅವುಗಳಿಗೆ ಅಂಚು ಇಲ್ಲ, ನಮ್ಮ ತಪ್ಪನ್ನು ಬರೆದಿಡಲು ಜಾಗವಿಲ್ಲ.

ಅತ್ತೆಯ ಸೀರೆಯ ಸೆರಗಿನಲ್ಲಿ ಒಂದು ತುಳಸೀಬೃಂದಾವನವಿದೆ. ಅದರ ನೆತ್ತಿಯಲ್ಲಿ ನಾಲ್ಕು ಕವಲು ಕೂಡುವಲ್ಲಿ ಅವಳು ದಾರವನ್ನು ಹೇಗೆ ತಿರುಗಿಸಿದಳೆಂಬುದು ನನಗೆ ಇಂದಿಗೂ ತಿಳಿದಿಲ್ಲ. ನಾನು ಮಾಡಿದರೆ ಅಲ್ಲಿ ಬಟ್ಟೆ ಸುಕ್ಕಾಗುತ್ತದೆ, ಅವಳದರಲ್ಲಿ ಆಗಿಲ್ಲ. ಯಾವ ಪುಸ್ತಕವೂ ಅದನ್ನು ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ ಸೂಜಿ ಹಿಡಿಯಬಲ್ಲ ಹಿರಿಯರಿದ್ದರೆ, ಈ ವಾರವೇ ಒಂದು ಪುಸ್ತಕವನ್ನೂ ಪೆನ್ಸಿಲನ್ನೂ ತೆಗೆದುಕೊಂಡು ಅವರ ಬಳಿ ಕುಳಿತುಕೊಳ್ಳಿ. ಪುಸ್ತಕ ಹೇಳಿದ್ದು ಸರಿಯೇ ಎಂದು ಕೇಳಿ. ಅವರು ಅಲ್ಲವೆಂದರೆ, ಆ ಮಾತನ್ನು ಅಂಚಿನಲ್ಲಿ ಬರೆದುಕೊಳ್ಳಿ.