ಕ್ಯಾಮೆರಾ ಮುಂದೆ ನಿಂತರೆ ಕೋರ್ಸ್ ಆಗುತ್ತದೆಯೇ?

2020ರ ಮಾರ್ಚ್‌ನಲ್ಲಿ ಶಾಲೆ-ಕಾಲೇಜುಗಳ ಬಾಗಿಲು ಮುಚ್ಚಿದಾಗ ಮೇಷ್ಟ್ರುಗಳು ರಾತ್ರೋರಾತ್ರಿ ಮೊಬೈಲ್ ಮುಂದೆ ಕೂತರು. ಪುಸ್ತಕದ ರಾಶಿಗೆ ಫೋನ್ ಒರಗಿಸಿ ಪಾಠ ಮಾಡಿದವರ ಸಾಹಸ ಸಣ್ಣದಲ್ಲ. ಆದರೆ ಆ ತುರ್ತಿನ ಏರ್ಪಾಡನ್ನೇ ಆನ್‌ಲೈನ್ ಕೋರ್ಸ್ ಎಂದು ನಂಬಿದವರು ಇನ್ನೂ ಇದ್ದಾರೆ. ಶಿಕ್ಷಕರ ತರಬೇತಿಯೂ ಅದೇ ಜಾಡು ಹಿಡಿದರೆ ಮೈಕು, ಲೈಟು, ಆ್ಯಪ್‌ಗಳ ಪರಿಚಯದಲ್ಲೇ ಮುಗಿದುಹೋಗುತ್ತದೆ.

ತಪ್ಪು ಕಲ್ಪನೆ: ತರಗತಿಯ ಪಾಠವನ್ನು ರೆಕಾರ್ಡ್ ಮಾಡಿದರೆ ಆನ್‌ಲೈನ್ ಕೋರ್ಸ್ ಸಿದ್ಧ.

ಸತ್ಯ: 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆಯ ಚೌಕಟ್ಟಿನಲ್ಲಿ ವಿಡಿಯೊ ನಾಲ್ಕರಲ್ಲಿ ಒಂದು ಭಾಗ ಮಾತ್ರ. ಓದುವ ಸಾಮಗ್ರಿ, ಸ್ವಮೌಲ್ಯಮಾಪನ, ಚರ್ಚಾ ವೇದಿಕೆ ಉಳಿದ ಮೂರು. ಇವೆಲ್ಲ ಒಂದಕ್ಕೊಂದು ಹೆಣೆದುಕೊಳ್ಳಬೇಕಾದರೆ ಸಮಯ ಬೇಕು. ಪೂರ್ಣ ಆನ್‌ಲೈನ್ ವಿಶ್ವವಿದ್ಯಾಲಯ ಕೋರ್ಸೊಂದಕ್ಕೆ ಸಾಮಾನ್ಯವಾಗಿ 6ರಿಂದ 9 ತಿಂಗಳ ಸಿದ್ಧತೆ ಬೇಕೆಂದು ಅಮೆರಿಕದ ಶಿಕ್ಷಣ ತಂತ್ರಜ್ಞಾನ ತಜ್ಞರ ತಂಡವೊಂದು 2020ರಲ್ಲೇ ಬರೆದಿತ್ತು. ಲಾಕ್‌ಡೌನ್ ಕಾಲದ ಪಾಠಗಳನ್ನು ಅವರು 'ತುರ್ತು ದೂರಬೋಧನೆ' ಎಂದು ಬೇರೆಯಾಗಿಯೇ ಗುರುತಿಸಿದರು.

ತಪ್ಪು ಕಲ್ಪನೆ: ಒಳ್ಳೆಯ ಸ್ಟುಡಿಯೊ, ದುಬಾರಿ ಕ್ಯಾಮೆರಾ ಇಲ್ಲದೆ ಆಗದು.

ಸತ್ಯ: ಫಿಲಿಪ್ ಗುವೊ ಮತ್ತು ಸಂಗಡಿಗರು ಎಡೆಕ್ಸ್ ವೇದಿಕೆಯ ನಾಲ್ಕು ಕೋರ್ಸ್‌ಗಳಲ್ಲಿ 69 ಲಕ್ಷ ವಿಡಿಯೊ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ವರದಿ ಪ್ರಕಟಿಸಿದರು. ವಿಡಿಯೊ ಎಷ್ಟೇ ಉದ್ದವಿರಲಿ, ನೋಡುವ ಮಧ್ಯಕ ಅವಧಿ 6 ನಿಮಿಷ ದಾಟಲಿಲ್ಲ. ಸ್ಟುಡಿಯೊದ ಠೀವಿಗಿಂತ, ಮೇಜಿನೆದುರು ಕೂತು ಆಪ್ತವಾಗಿ ಮಾತಾಡಿದ ಮೇಷ್ಟ್ರೇ ಹೆಚ್ಚು ಹಿಡಿಸಿದ್ದರು. ಬರೀ ಸ್ಲೈಡ್ ತೋರಿಸುವುದಕ್ಕಿಂತ ಮಾತಾಡುತ್ತಲೇ ಕೈಯಲ್ಲಿ ಬರೆದು ತೋರಿಸಿದ್ದು ಗಮನ ಸೆಳೆದಿತ್ತು. ತರಗತಿಯ ಉಪನ್ಯಾಸವನ್ನು ತುಂಡು ತುಂಡು ಮಾಡಿ ಹಾಕಿದ್ದು ಮಾತ್ರ ಅಷ್ಟು ಫಲಿಸಲಿಲ್ಲ.

ತಪ್ಪು ಕಲ್ಪನೆ: ಸಾಫ್ಟ್‌ವೇರ್ ಬಳಸಲು ಬಂದರೆ ತರಬೇತಿ ಪೂರ್ಣ.

ಸತ್ಯ: ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಮುಂದಿಟ್ಟ ಚೌಕಟ್ಟು ವಿಷಯಜ್ಞಾನ, ಬೋಧನಾಜ್ಞಾನ, ತಂತ್ರಜ್ಞಾನ ಮೂರನ್ನೂ ಒಟ್ಟಿಗೆ ನೋಡುತ್ತದೆ. ಗುಂಡಿ ಒತ್ತುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಯಾವ ಪರಿಕಲ್ಪನೆಗೆ ಯಾವ ಚಟುವಟಿಕೆ ಹೊಂದುತ್ತದೆ ಎಂಬ ವಿವೇಚನೆಯೇ ಕಷ್ಟದ್ದು.

ತಪ್ಪು ಕಲ್ಪನೆ: ವಿದ್ಯಾರ್ಥಿ ಪೂರ್ತಿ ವಿಡಿಯೊ ನೋಡಿದರೆ ಕಲಿತಂತೆ.

ಸತ್ಯ: ಮನಶ್ಶಾಸ್ತ್ರದ ಆನ್‌ಲೈನ್ ಕೋರ್ಸೊಂದನ್ನು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಹೊರತಂದರು. ಅಭ್ಯಾಸ ಚಟುವಟಿಕೆಗಳನ್ನು ಮಾಡಿದ್ದರಿಂದ ಕಲಿಕೆಗೆ ಸಿಕ್ಕ ಲಾಭ ವಿಡಿಯೊ ನೋಡಿದ್ದರ ಅಥವಾ ಓದಿದ್ದರ ಲಾಭದ ಸುಮಾರು ಆರು ಪಟ್ಟು.

ಐಐಟಿ ಬಾಂಬೆಯ ಸಹನಾ ಮೂರ್ತಿ, ಶ್ರೀಧರ್ ಅಯ್ಯರ್ ಮತ್ತು ಸಂಗಡಿಗರು ರೂಪಿಸಿದ ಕಲಿಕಾರ್ಥಿ ಕೇಂದ್ರಿತ ಮಾದರಿಯ ಬುನಾದಿಯೂ ಕಲಿಯುವವರ ಕೈಗೆ ಕೆಲಸ ಕೊಡುವುದೇ. ಅದರಲ್ಲಿ ವಿಡಿಯೊ ನಡುವೆಯೇ ನಿಲ್ಲುತ್ತದೆ, ಪ್ರಶ್ನೆ ಕೇಳುತ್ತದೆ. ಅರ್ಥಶಾಸ್ತ್ರದ ಅಧ್ಯಾಪಕರೊಬ್ಬರು ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದನ್ನು ಕಲಿಸಬೇಕಿದೆ ಎಂದುಕೊಳ್ಳೋಣ. ವ್ಯಾಖ್ಯಾನದಿಂದ ಶುರುಮಾಡುವ ಬದಲು, "ಟೊಮ್ಯಾಟೊ ಬೆಲೆ ದುಪ್ಪಟ್ಟಾದರೆ ನಿಮ್ಮ ಮನೆಯಲ್ಲಿ ಎಷ್ಟು ಕಡಿಮೆ ತರುತ್ತಾರೆ? ಉಪ್ಪಿನ ಬೆಲೆ ದುಪ್ಪಟ್ಟಾದರೆ? ವಿಡಿಯೊ ನಿಲ್ಲಿಸಿ, ಬರೆದುಕೊಳ್ಳಿ" ಎನ್ನಬಹುದು. ಮುಂದೆ ಬರಬಹುದಾದ ಉತ್ತರಗಳನ್ನೇ ಹಿಡಿದು ಪಾಠ ಸಾಗುತ್ತದೆ. ಬೆನ್ನಿಗೇ ಕಿರು ಅಭ್ಯಾಸ. ತಪ್ಪು ಆಯ್ಕೆ ಮಾಡಿದವರಿಗೆ 'ತಪ್ಪು' ಎಂದಷ್ಟೇ ಹೇಳದೆ, ಎಲ್ಲಿ ಎಡವಿದರು ಎಂಬ ಹಿಮ್ಮಾಹಿತಿ ಕೂಡಲೇ ಸಿಗುತ್ತದೆ. ಇಂಥ ಪ್ರಶ್ನೆ ಕಟ್ಟಲು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪುಗಳು ಗೊತ್ತಿರಬೇಕು. ಈ ಬಂಡವಾಳ ಹತ್ತಾರು ವರ್ಷ ಪಾಠ ಮಾಡಿದ ಮೇಷ್ಟ್ರ ಬಳಿ ಧಾರಾಳವಾಗಿರುತ್ತದೆ. ಕಂಪ್ಯೂಟರ್ ಬಾರದು ಎಂದು ಹಿಂಜರಿಯುವವರ ಬಳಿಯೂ.

ತಪ್ಪು ಕಲ್ಪನೆ: ಒಮ್ಮೆ ಅಪ್‌ಲೋಡ್ ಆದರೆ ಶಿಕ್ಷಕರ ಕೆಲಸ ಮುಗಿಯಿತು.

ಸತ್ಯ: 1969ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಓಪನ್ ಯೂನಿವರ್ಸಿಟಿ, ಕೆಲಸ ಅಲ್ಲಿಗೇ ಮುಗಿಯದು ಎಂಬ ಗುಟ್ಟನ್ನು ಇಂಟರ್ನೆಟ್ಟಿಗೆ ಬಹಳ ಮುಂಚೆಯೇ ಅರಿತಿತ್ತು. ಅಲ್ಲಿ ವಿಷಯ ತಜ್ಞರು, ಸಂಪಾದಕರು, ಬಿಬಿಸಿ ನಿರ್ಮಾಪಕರು ತಂಡವಾಗಿ ಪಾಠ ರೂಪಿಸಿದರು. ಪಾಠ ಮನೆ ತಲುಪಿದ ಮೇಲೂ ಟ್ಯೂಟರ್‌ಗಳು ವಿದ್ಯಾರ್ಥಿಗಳ ಅಸೈನ್‌ಮೆಂಟ್ ತಿದ್ದಿ, ಅಂಚಿನಲ್ಲಿ ಟಿಪ್ಪಣಿ ಬರೆದು ಕಳಿಸುತ್ತಿದ್ದರು.

ಇಂದು ಆ ಕೆಲಸದ ಬಹುಪಾಲು ನಡೆಯಬೇಕಾದದ್ದು ಚರ್ಚಾ ವೇದಿಕೆಯಲ್ಲಿ. "ಸಂದೇಹವಿದ್ದರೆ ಕೇಳಿ" ಎಂದು ಬರೆದು ಕೂತರೆ ಹೆಚ್ಚಿನವರು ತುಟಿ ಬಿಚ್ಚುವುದಿಲ್ಲ. "ನಿಮ್ಮೂರ ಸಂತೆಯಲ್ಲಿ ಬೆಲೆ ಏರಿದರೂ ಮಾರಾಟ ಇಳಿಯದ ಒಂದು ವಸ್ತು ಹೆಸರಿಸಿ, ಕಾರಣ ಕೊಡಿ" ಎಂದರೆ ಬಾಯಿ ಬಿಡಲು ಒಂದು ನೆಪ ಸಿಗುತ್ತದೆ. ಯಾವ ನಿಮಿಷದಲ್ಲಿ ಹೆಚ್ಚಿನವರು ವಿಡಿಯೊ ಬಿಟ್ಟು ಹೋದರು, ಯಾವ ಪ್ರಶ್ನೆಯಲ್ಲಿ ಅರ್ಧಕ್ಕರ್ಧ ಮಂದಿ ಎಡವಿದರು ಎಂಬ ಲೆಕ್ಕವನ್ನು ಹಲವು ಕೋರ್ಸ್ ವೇದಿಕೆಗಳೇ ಕೊಡುತ್ತವೆ. ಆ ಲೆಕ್ಕ ಓದಿ, ಮುಂದಿನ ಬಾರಿಗೆ ಯಾವ ವಿಡಿಯೊ ಮತ್ತೆ ಮಾಡಬೇಕು, ಯಾವ ಪ್ರಶ್ನೆ ತಿದ್ದಬೇಕು ಎಂದು ತೀರ್ಮಾನಿಸುವುದನ್ನೂ ತರಬೇತಿಯ ಪಠ್ಯದಲ್ಲಿ ಸೇರಿಸಬೇಕಾಗುತ್ತದೆ.